ಕರಿಯುಣ್ಣೆಯ ದಾರ

ಸಾವನದುರ್ಗದ ತಪ್ಪಲಿನ ಆ ಊರಿನಲ್ಲಿ ಭಾನುವಾರ ಬೆಳಗಾದರೆ ಕುಸುಮಳ ಮನೆಯಂಗಳದಲ್ಲಿ ಡೊಳ್ಳಿನ ಪಾಠ. ವಾರವೆಲ್ಲ ಮಾಗಡಿ, ಕನಕಪುರ ಎಂದು ತಂಡ ಕಟ್ಟಿಕೊಂಡು ಬಾರಿಸಿ ದಣಿದವಳಿಗೆ ಆ ಮಕ್ಕಳ ಗಲಾಟೆಯೇ ವಿಶ್ರಾಂತಿ. ಅವಳ ಅಪ್ಪ ಪುಟ್ಟಲಿಂಗಯ್ಯ ಒಂದು ಕಾಲಕ್ಕೆ ಸೀಮೆಗೇ ಹೆಸರಾದ ಡೊಳ್ಳಿನವರು. ಈಗ ಜಗಲಿಯಲ್ಲಿ ಕೂತು ಮಕ್ಕಳ ಕೈಯನ್ನೇ ನೋಡುತ್ತಿದ್ದರು. ಪೆಟ್ಟು ತಪ್ಪಿದರೆ ಕಣ್ಣಲ್ಲೇ ಹಿಡಿಯುತ್ತಿದ್ದರು. ಕಿವಿ ಕೈಕೊಟ್ಟು ಬಹಳ ಕಾಲವಾಗಿತ್ತು.

ಒಂದು ಭಾನುವಾರ ಕುಸುಮ ಮಕ್ಕಳಿಗೆಲ್ಲ ಕಿವಿಗಿಡುವ ಬಿಳಿ ಸ್ಪಂಜಿನ ಬಿರಡೆ ಹಂಚಿದಳು. ಬಿಡದಿಯ ಕಾರ್ಖಾನೆಯಲ್ಲಿ ದುಡಿಯುವ ಗಂಡ ಸಿದ್ದರಾಮು ದಿನವೂ ಇಟ್ಟುಕೊಳ್ಳುವುದನ್ನು ನೋಡಿ ಹೊಳೆದದ್ದು. ಯಂತ್ರದ ಸದ್ದಿಗೆ ಕೆಡುವ ಕಿವಿ ಡೊಳ್ಳಿಗೆ ಕೆಡದೇ? ಮೇಳ ಸೇರಿದ ಕಡೆಯೆಲ್ಲ ಅವಳು ಇದನ್ನೇ ಹೇಳುತ್ತಿದ್ದಳು. ನಕ್ಕವರೇ ಹೆಚ್ಚು.

ಪುಟ್ಟಲಿಂಗಯ್ಯ ಎದ್ದು ಬಂದವರೇ ಮೊಮ್ಮಗಳು ಸಿರಿಯ ಕಿವಿಯಿಂದ ಬಿರಡೆ ಕಿತ್ತರು.

"ಕಿವಿಗೆ ಹತ್ತಿ ಇಡಾದು ಹೆಣಕ್ಕೆ ಕಣವ್ವ. ಬದುಕಿರೋ ಮಕ್ಕಳಿಗೆ ಇಡ್ತಾರಾ? ಅದೂ ಬೀರಪ್ಪ ದೇವ್ರ ಡೊಳ್ಳಿನ ಮುಂದೆ?"

ಮಕ್ಕಳನ್ನು ಬಿಡಲು ಬಂದಿದ್ದ ತಾಯಂದಿರು ಮುಖ ಮುಖ ನೋಡಿಕೊಂಡರು. ಊರಿಗೆ ಅವರ ಮಾತೆಂದರೆ ವೇದವಾಕ್ಯ. ಅವರು ಬೇಡವೆಂದರೆ ಒಂದು ಮಗುವೂ ಬಿರಡೆ ಮುಟ್ಟುವುದಿಲ್ಲ, ಅಪ್ಪನಿಗಾದದ್ದೇ ಸಿರಿಗೂ ಆಗುತ್ತದೆ ಎಂದು ಕುಸುಮಳಿಗೆ ದಿಗಿಲಾಯಿತು.

ಎಂಥ ಕಿವಿ ಇತ್ತು ಅಪ್ಪನಿಗೆ! ಹಟ್ಟಿಯ ಮೂಲೆಯಲ್ಲಿ ಕುರಿ ಕೆಮ್ಮಿದರೆ ಯಾವ ಕುರಿಯೆಂದು ಮಲಗಿದಲ್ಲೇ ಹೇಳುತ್ತಿದ್ದರು. ಅವ್ವ ಅಂಬಮ್ಮ ರಾಗಿ ಬೀಸುತ್ತಾ ಹಾಡಿದರೆ ಬಾಗಿಲಿಗೊರಗಿ, ಮರದ ಮೇಲೆ ಬೆರಳಲ್ಲೇ ತಾಳ ಹಾಕುತ್ತಿದ್ದರು.

ಅವಳು ಹತ್ತಿರ ಹೋಗಿ ಗಟ್ಟಿಯಾಗಿ ಕೇಳಿದಳು: "ಅಪ್ಪ, ಅವ್ವನ ಹಾಡು ಈಗ ಕೇಳ್ತದಾ?"

ಅಂಬಮ್ಮ ಹೊಸ್ತಿಲ ಬಳಿ ಸೊಪ್ಪು ಬಿಡಿಸುತ್ತಾ ಎಂದಿನಂತೆ ಗುನುಗುತ್ತಿದ್ದರು. ಪುಟ್ಟಲಿಂಗಯ್ಯ ಹೆಂಡತಿಯನ್ನೇ ನೋಡಿದರು.

"ತುಟಿ ಅಳ್ಳಾಡಾದು ಕಾಣ್ತದೆ ಕಣವ್ವ," ಎಂದು ಒಳಗೆ ಹೋದರು. ಅಂದು ಪಾಠ ನಡೆಯಲಿಲ್ಲ.

ಮುಂದಿನ ಭಾನುವಾರ ಅವರು ಕೈಯಲ್ಲಿ ಕರಿಯುಣ್ಣೆಯ ದಾರಗಳ ಗೊಂಚಲು ಹಿಡಿದು ಬಂದರು. ವಾರವೆಲ್ಲ ಕೂತು ತಾವೇ ನೂತದ್ದು. ದೇವರ ಕಾರ್ಯಕ್ಕೆ ಅವರ ಮನೆತನದವರು ಕಟ್ಟಿಕೊಳ್ಳುವ ಕಂಕಣವೂ ಅಂಥ ದಾರದ್ದೇ. ಒಂದು ದಾರದ ಎರಡು ತುದಿಗೂ ಒಂದೊಂದು ಬಿರಡೆ ಪೋಣಿಸಿ ಸಿರಿಯ ಕೊರಳಿಗೆ ಹಾಕಿದರು.

"ನಮ್ಮ ಕುರಿ ಉಣ್ಣೆ. ಇದು ಸೋಕಿದ್ಮೇಲೆ ಹೆಣದ್ದು ಅನ್ನಂಗಿಲ್ಲ," ಎಂದು ಅವಳ ಕಿವಿಗೆ ತಾವೇ ಇಟ್ಟರು. ತಾಯಂದಿರು ತಮ್ಮ ಮಕ್ಕಳನ್ನು ಮುಂದೆ ತಳ್ಳಿದರು.

ಪಾಠ ಮುಗಿದ ಮೇಲೆ ಸಿರಿ ಬಿರಡೆ ತೆಗೆದು ಬಾಗಿಲಿಗೊರಗಿ ನಿಂತಳು. ಒಳಗೆ ಅಂಬಮ್ಮ ಹಾಡುತ್ತಿದ್ದರು. ಹುಡುಗಿಯ ಬೆರಳು ತನ್ನಷ್ಟಕ್ಕೆ ಬಾಗಿಲ ಮೇಲೆ ತಾಳ ಹಾಕತೊಡಗಿತು. ಪುಟ್ಟಲಿಂಗಯ್ಯ ಆ ಬೆರಳನ್ನೇ ನೋಡುತ್ತಾ ಕೂತರು. ಸ್ವಲ್ಪ ಹೊತ್ತಿಗೆ ಅವರ ಕೈಯೂ ಮೊಣಕಾಲಿನ ಮೇಲೆ ಅದೇ ತಾಳ ಹಿಡಿಯಿತು.