ತನಿಖೆಗೆ ಬಂದವರ ಗಾಡಿ ಯಾರದು?

ಮಗನ ಕೈ ಯಾರಾದರೂ ಮುರಿದರೆ ತಾಯಿ ಪೊಲೀಸರ ಹತ್ತಿರ ಓಡುತ್ತಾಳೆ. ಮುರಿದವರೇ ಪೊಲೀಸರಾದರೆ ಎಲ್ಲಿಗೆ ಓಡಬೇಕು? ಕೀನ್ಯಾದಲ್ಲಿ, ಎಲ್ಗಾನ್ ಬೆಟ್ಟದ ಕೆಳಗಿನ ಸಂತೆ ಊರಿನ ನಮಾಲ್ವಳಿಗೆ ಬಂದದ್ದು ಇದೇ ಸಂಕಟ. ಅವಳ ಮಗ ಮಕೋಖ ಬಾಡಿಗೆ ಬೈಕ್ ಓಡಿಸುವವನು. ಲಂಚ ಕೊಡಲಿಲ್ಲವೆಂದು ಪೊಲೀಸಿನವನೊಬ್ಬ ಸಂತೆಯಲ್ಲೇ ಅವನ ಬಲಗೈ ಮುರಿಯುವಂತೆ ಬಡಿದ. ಸಾಲದ್ದಕ್ಕೆ, ಕುಡಿದು ಬೈಕಿನಿಂದ ಬಿದ್ದನೆಂದು ಅವನ ಮೇಲೆಯೇ ಕೇಸು ಹಾಕಿದ. ಶಿಕ್ಷೆಯಾದರೆ ಮಗ ಜೈಲಿಗೆ.

ಪೊಲೀಸರ ತಪ್ಪು ವಿಚಾರಿಸಲೆಂದೇ ಬೇರೆ ಕಚೇರಿ ಇದೆಯೆಂದು ತಿಳಿದು ನಮಾಲ್ವ ದೂರು ಕೊಟ್ಟಳು. ಅಲ್ಲಿಂದ ಇಬ್ಬರು ಬಂದರು. ಬಂದದ್ದು ಠಾಣೆಯ ಜೀಪಿನಲ್ಲಿ! ಸಂತೆಯವರ ಬಾಯಿಗೆ ಬೀಗ ಬಿತ್ತು. ಕಣ್ಣಾರೆ ಕಂಡಿದ್ದ ನೆಕೋಯೆ, ಜೋಳದ ತೆನೆ ಸುಟ್ಟು ಮಾರುವವಳು, "ನಾನು ತೆನೆ ಮಗುಚ್ತಾ ಇದ್ದೆ, ಏನೂ ನೋಡ್ಲಿಲ್ಲ" ಎಂದುಬಿಟ್ಟಳು.

"ಯಾಕ್ ಹಿಂಗ್ ಮಾಡ್ದೆ ನೆಕೋಯೆ?" ಜೀಪು ಹೋದ ಮೇಲೆ ನಮಾಲ್ವ ಕೇಳಿದಳು.

"ಮಕೋಖನ ಅವ್ವ, ಹೊಡೆದೋರ ಜೀಪಲ್ಲೇ ಕೂತ್ಕೊಂಡ್ ಬಂದೋರು ನಿಂಗೆ ನ್ಯಾಯ ಕೊಡಿಸ್ತಾರಾ? ಎಲ್ಲ ಒಂದೇ ತಟ್ಟೇಲಿ ಉಣ್ಣೋರು. ನಾಳೆ ನನ್ ಒಲೆ ಒದ್ದು ಹೋದ್ರೆ ಯಾರ್ ಕೇಳ್ತಾರೆ?"

 ನಮಾಲ್ವಳಿಗೂ ಹಾಗೆಯೇ ಅನ್ನಿಸಿತ್ತು.

ಕೆಲವು ವಾರಗಳ ಮೇಲೆ ಅದೇ ಕಚೇರಿಯಿಂದ ಮುಂಬುವಾ ಎಂಬ ಅಧಿಕಾರಿ ಒಬ್ಬಳೇ ಬಂದಳು. ಜನ ಕಿಕ್ಕಿರಿದ ಬಾಡಿಗೆ ವ್ಯಾನಿನಿಂದ ಇಳಿದು, ಕೆಂಪು ಧೂಳು ಕೊಡವಿಕೊಂಡು, ನೇರ ನೆಕೋಯೆಯ ಒಲೆ ಮುಂದೆ ಕೂತಳು.

"ಜೀಪೆಲ್ಲಮ್ಮ? ನಿನ್ ನೆಂಟ್ರು ಕಳಿಸ್ಲಿಲ್ವಾ?" ನೆಕೋಯೆ ಚುಚ್ಚಿದಳು.

"ಅವ್ರು ನನ್ ನೆಂಟ್ರಲ್ಲಕ್ಕ. ಹೋದ್ಸಲ ಆ ಜೀಪ್ ಹತ್ತಿದ್ದು ನಮ್ ತಪ್ಪೇ. ನಮಗಿರೋದು ಒಂದೇ ಗಾಡಿ, ಅದು ಕೆಟ್ಟು ಕೂತಿತ್ತು. ನಾಲ್ಕು ಜಿಲ್ಲೆಗೆ ಮೂರೇ ಜನ ನಾವು. ಈ ಸಲಾನೂ ಠಾಣೆಯೋರು ಕರೆದ್ರು, ಬೇಡ ಅಂದೆ. ಠಾಣೆ ಸಾಹೇಬ್ರು ನಂಗೆ ಸಾಹೇಬ್ರಲ್ಲ. ನಿನ್ನ ಯಾರಾದ್ರೂ ಬೆದರಿಸಿದ್ರೆ ನೇರ ನಂಗೆ ಹೇಳು."

ನೆಕೋಯೆ ಒಂದು ತೆನೆ ಮಗುಚಿದಳು. ಇನ್ನೊಂದು ಮಗುಚಿದಳು.

"ಹುಡುಗ ಕುಡಿದಿರ್ಲಿಲ್ಲ. ದೊಣ್ಣೆ ಎತ್ತಿದ್ದು ನಾನೇ ನೋಡ್ದೆ" ಎಂದಳು. ಅವಳು ಬಾಯಿಬಿಟ್ಟ ಮೇಲೆ ಉಳಿದವರೂ ಬಿಟ್ಟರು.

ಮಕೋಖನ ಮೇಲಿನ ಕೇಸು ಬಿದ್ದುಹೋಯಿತು. ಹೊಡೆದವನು ಕಟಕಟೆ ಹತ್ತಿದ. ಆ ದಿನ ನಮಾಲ್ವ ಕೊಬ್ಬಿದ ಹುಂಜವೊಂದನ್ನು ಹಿಡಿದು ಮುಂಬುವಾಳಿಗಾಗಿ ಕಾದಿದ್ದಳು.

"ಮಗನ್ನ ಉಳಿಸ್ಕೊಟ್ಟೆ ತಾಯಿ. ನಿನ್ ಹೊಟ್ಟೆ ತಣ್ಣಗಿರ್ಲಿ. ಬೇಡ ಅನ್ಬೇಡ."

"ನಾನಿದನ್ನ ಮುಟ್ಟೋ ಹಂಗಿಲ್ಲಮ್ಮ."

"ಹಂಗಾದ್ರೆ ಈ ಋಣ ಹೆಂಗ್ ತೀರಿಸ್ಲಿ?"

"ಬಜೆಟ್‌ಗೆ ಮುಂಚೆ ಜನರ ಮಾತು ಕೇಳೋಕೆ ಸಭೆ ಕರೀತಾರಲ್ಲ, ಅಲ್ಲಿ ಒಂದ್ ಮಾತಾಡಿ. ನಿಮ್ ಹಂಗೇ ಕಾಯ್ತಿರೋ ಅಮ್ಮಂದಿರು ಬೇಕಾದಷ್ಟು ಜನ ಅವ್ರೆ. ಹೋಗೋಕೆ ನಾವೇ ಸಾಲಲ್ಲ."

ಸಭೆಯಲ್ಲಿ ರಸ್ತೆ, ನೀರು ಎನ್ನುವವರ ನಡುವೆ ನಮಾಲ್ವ ಎದ್ದು, ಆ ಕಚೇರಿಗೆ ಇನ್ನಷ್ಟು ಜನ, ಸ್ವಂತ ಗಾಡಿ ಕೊಡಿ ಎಂದಳು.

"ನಲ್ಲಿ ಕೇಳೋದ್ ಬಿಟ್ಟು ಆಫೀಸರಮ್ಮಂಗೆ ಗಾಡಿ ಕೇಳ್ತಾಳೆ ನೋಡ್ರೋ!" ಹಿಂದಿನಿಂದ ಒಬ್ಬ ನಗಾಡಿದ.

"ನಗಪ್ಪಾ, ನಗು. ನನ್ ಮಗ ಇವತ್ತು ಮನೇಲಿ ಕೂತು ಮುದ್ದೆ ಉಣ್ತಾ ಅವ್ನೆ, ನಿನ್ ನಗು ನಂಗೆ ತಾಗಲ್ಲ. ನಾಳೆ ನಿನ್ ಮಗನ್ನ ಹೊಡೆದ್ರೆ, ವಿಚಾರ್ಸೋರು ಹೊಡೆದೋರ ಜೀಪಲ್ಲೇ ಬರ್ಬೇಕಾ?"

ನಗು ನಿಂತಿತು. ನಮಾಲ್ವಳ ಮಾತಿಗೆ ಒಪ್ಪಿ ಮೊದಲು ಕೈ ಎತ್ತಿದವಳು ನೆಕೋಯೆ. ಆಮೇಲೆ ನಕ್ಕವನೂ ಎತ್ತಿದ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಪೊಲೀಸರ ತಪ್ಪು ವಿಚಾರಿಸುವವರು ನಿಮ್ಮಲ್ಲೂ ಇದ್ದಾರೆಯೇ? ಅವರಿಗೆ ಸಾಕಷ್ಟು ಜನ, ಸ್ವಂತ ಗಾಡಿ, ಖರ್ಚಿಗೆ ದುಡ್ಡು ಇದೆಯೇ? ಕೇಳಿ. ಇಲ್ಲವೆಂದರೆ ನೀವು ಆರಿಸಿದವರ ಮುಂದೆ ನಿಂತು ಹೇಳಿ. ಎಲ್ಲೋ ಒಬ್ಬ ತಾಯಿ ದೂರು ಕೊಟ್ಟು ದಾರಿ ನೋಡುತ್ತಿದ್ದಾಳೆ.