ಮೂರನೇ ಕೋಣೆ

ಬೆಳಿಗ್ಗೆ ಏಳಕ್ಕೆ ಬರುತ್ತೇವೆ ಎಂದಿದ್ದ ಪ್ಯಾಕರ್ಸ್‌ನವರು ಏಳಕ್ಕೇ ಬಂದುಬಿಟ್ಟರು. ಅಕ್ಕನಿಗೆ ಮೊದಲ ಸಿಟ್ಟು ಬಂದದ್ದು ಅದಕ್ಕೇ. ತಡವಾಗಿ ಬಂದಿದ್ದರೆ ನಾಲ್ಕು ಮಾತು ಅನ್ನಬಹುದಿತ್ತು. ಹೇಳಿದ ಹೊತ್ತಿಗೆ ಸರಿಯಾಗಿ ಬಂದು, ಚಪ್ಪಲಿಯನ್ನು ಹೊರಗೆ ಸಾಲಾಗಿ ಬಿಟ್ಟು, "ನಮಸ್ಕಾರ ಅಮ್ಮಾ" ಎನ್ನುವವರನ್ನು ಏನೆಂದು ಬೈಯುವುದು?

ಮೂರು ತಿಂಗಳಿಂದ ಅವಳು ಹೀಗೇ, ಬೈಯಲು ಯಾರಾದರೂ ಸಿಕ್ಕಾರೆಯೇ ಎಂದು ನೋಡುತ್ತಿದ್ದಳು. ಲೈಬ್ರರಿಯಲ್ಲಿ ಮೂವತ್ತಮೂರು ವರ್ಷ ಕೆಲಸ ಮಾಡಿ ಹೋದ ವರ್ಷ ನಿವೃತ್ತಳಾದ ಅವಳು ಬೀದಿಯವರಿಗೆಲ್ಲ ಲೈಬ್ರರಿ ಅಕ್ಕ. ಆದರೆ ಹಕ್ಕಿನಿಂದ ಅಕ್ಕ ಎನ್ನುವವಳು ಒಬ್ಬಳೇ ಇದ್ದಳು. ಒಂಬತ್ತು ವರ್ಷ ಚಿಕ್ಕ ತಂಗಿ, ಐವತ್ತೆರಡು ತುಂಬಿದರೂ ಚಿಕ್ಕಿಯಾಗಿಯೇ ಉಳಿದವಳು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಇಪ್ಪತ್ತಾರು ವರ್ಷ ಇಬ್ಬರೂ ಈ ಮೊದಲನೇ ಮಹಡಿಯ ಮನೆಯಲ್ಲೇ ಕಳೆದಿದ್ದರು. ಮುಂದಿನ ಕೋಣೆಯಲ್ಲಿ ಚಿಕ್ಕಿಯ ಹೊಲಿಗೆ ಮಿಷನ್, ಅದರ ಎದುರಿಗೆ ಅಕ್ಕನ ಬೆತ್ತದ ಕುರ್ಚಿ. ಒಬ್ಬಳು ಹೊಲಿಯುತ್ತಿದ್ದಳು, ಒಬ್ಬಳು ಓದುತ್ತಿದ್ದಳು. ಮಧ್ಯೆ ಮಧ್ಯೆ ಜಗಳವೂ ಆಗುತ್ತಿತ್ತು.

ಆ ಚಿಕ್ಕಿ ಹೋದ ಸೋಮವಾರ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾಗಿದ್ದಳು. ಗಂಡ ಗಡಿಯಾರ ರಿಪೇರಿಯವನು, ಹೆಂಡತಿ ತೀರಿಕೊಂಡು ಎಂಟು ವರ್ಷವಾದವನು. ಐದು ಗಂಟೆ ದಾರಿಯ ಊರಿನಲ್ಲಿ ಸ್ವಂತ ಮನೆಯಿತ್ತು. ಮೂರು ತಿಂಗಳ ಹಿಂದೆ ಈ ಸಂಗತಿ ಮೊದಲ ಸಲ ಕಿವಿಗೆ ಬಿದ್ದ ದಿನ ಅಕ್ಕ, "ಓಹೋ, ನಿಂತುಹೋದದ್ದನ್ನೆಲ್ಲ ಓಡಿಸ್ತಾನೇನೋ ಪುಣ್ಯಾತ್ಮ" ಎಂದಿದ್ದಳು. ಚಿಕ್ಕಿ ನಕ್ಕಿದ್ದಳು. ಆಮೇಲೆ ಮಿಷನ್ ಮುಂದೆ ಕೂತು ತುಂಬ ಹೊತ್ತು ಏನನ್ನೂ ಹೊಲಿದಿರಲಿಲ್ಲ.

ನಿಜ ಹೇಳಬೇಕೆಂದರೆ ಅಕ್ಕನಿಗೆ ಮದುವೆಯ ಮೇಲೆ ಸಿಟ್ಟಿರಲಿಲ್ಲ. ಆ ಮನುಷ್ಯ ಮೆತ್ತಗೆ ಮಾತಾಡುವವನು, ಚಿಕ್ಕಿಯನ್ನು ಕಂಡರೆ ಅವನ ಮುಖ ಅರಳುತ್ತಿತ್ತು. ಅಕ್ಕನಿಗೆ ಬೇಕಾಗಿದ್ದದ್ದು ಒಂದೇ ಮಾತು: ಅಕ್ಕಾ, ನೀನೂ ಬಾ. ಆ ಮಾತು ಬಂದರೆ ಮೊದಲ ಸಲ ಬೇಡವೇ ಬೇಡ ಎನ್ನುವುದು, ಎರಡನೇ ಸಲ ನೋಡೋಣ ಎನ್ನುವುದು, ಮೂರನೇ ಸಲಕ್ಕೆ ಏನೋ ದೊಡ್ಡ ಉಪಕಾರ ಮಾಡಿದವಳ ಹಾಗೆ ಹೊರಡುವುದು ಎಂದು ಎಲ್ಲವನ್ನೂ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದಳು. ತಾನಾಗಿ ಕೇಳುವುದು ಮಾತ್ರ ಅವಳ ಜನ್ಮಕ್ಕೆ ಆಗದ ಕೆಲಸ. ಮೂರು ತಿಂಗಳಾದರೂ ಚಿಕ್ಕಿ ಕರೆದಿರಲಿಲ್ಲ.

ಹೀಗಾಗಿ ಈಗ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ತಂಗಿಯ ಸಾಮಾನು ಕಟ್ಟಿಸಲು ನಿಂತಿದ್ದಳು. ಬಂದವರಲ್ಲಿ ಮೇಸ್ತ್ರಿ ಒಬ್ಬ, ಕೆಲಸದವರು ನಾಲ್ವರು. ಮೇಸ್ತ್ರಿ ಹೋದ ವಾರ, ಅಕ್ಕ ಪುಸ್ತಕ ವಾಪಸ್ ಕೊಡಲು ಲೈಬ್ರರಿಗೆ ಹೋಗಿದ್ದಾಗ, ಒಮ್ಮೆ ಬಂದು ಮನೆ ನೋಡಿ ಚಿಕ್ಕಿಯ ಹತ್ತಿರ ಎಲ್ಲ ಕೇಳಿ ಬರೆದುಕೊಂಡು ಹೋಗಿದ್ದ. ಕಿವಿಯ ಮೇಲೆ ಪೆನ್ನು, ಕೈಯಲ್ಲಿ ಕಾರ್ಬನ್ ಹಾಳೆ ಹಾಕಿದ ದಪ್ಪ ಪುಸ್ತಕ.

"ನಮ್ಮ ಪದ್ಧತಿ ಸುಲಭ ಅಮ್ಮಾ," ಎಂದ. "ಹೊಸ ಮನೇಲಿ ಎಷ್ಟು ಕೋಣೆಯೋ ಅಷ್ಟು ಬಣ್ಣದ ಸ್ಟಿಕ್ಕರು. ಹಾಲ್‌ಗೆ ಕೆಂಪು, ಅಡುಗೆಮನೆಗೆ ನೀಲಿ, ಮಲಗೋ ಕೋಣೆಗೆ ಹಳದಿ, ಮೂರನೇ ಕೋಣೆಗೆ ಹಸಿರು. ಅಲ್ಲಿ ಇಳಿಸುವಾಗ ಬಣ್ಣ ನೋಡ್ತೀವಿ, ಪಟ್ಟಿ ನೋಡ್ತೀವಿ, ಒಳಗೆ ಇಡ್ತೀವಿ. ಯಾರನ್ನೂ ಕೇಳೋ ಹಾಗೇ ಇಲ್ಲ."

"ನಂದೂ ಒಂದು ಪಟ್ಟಿ ಇದೆ," ಎಂದು ಅಕ್ಕ ನೂರ ಹನ್ನೆರಡು ಸಾಮಾನುಗಳ, ಪ್ರತಿಯೊಂದಕ್ಕೂ ನಂಬರಿನ ಜೊತೆಗೆ ಉಪನಂಬರೂ ಇದ್ದ ಹಾಳೆಗಳನ್ನು ಮುಂದೆ ಹಿಡಿದಳು. ಮೇಸ್ತ್ರಿ ಒಂದೊಂದೇ ಹಾಳೆ ತಿರುವಿ ನೋಡಿ, "ಅಮ್ಮಾ, ನೀವು ನಮ್ಮಲ್ಲಿಗೇ ಕೆಲಸಕ್ಕೆ ಬಂದುಬಿಡಿ," ಎಂದ. ಒಳಗೆ ಚಿಕ್ಕಿ ಕಿಸಕ್ಕೆಂದು ನಕ್ಕಳು. ಅಕ್ಕನಿಗೂ ನಗು ಬಂತು, ತೋರಿಸಲಿಲ್ಲ.

ಕೆಲಸ ಭರದಿಂದ ಸಾಗಿತು. ಒಬ್ಬ ಲೋಟಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದ, ಒಬ್ಬ ತಟ್ಟೆಗಳನ್ನು ರಟ್ಟಿನ ಪೆಟ್ಟಿಗೆಯೊಳಗೆ ನಿಲ್ಲಿಸುತ್ತಿದ್ದ. "ಮಲಗಿಸಿ ಇಡಪ್ಪಾ, ಬೀಳುತ್ತೆ," ಎಂದು ಅಕ್ಕ ಮೂಗು ತೂರಿಸಿದಳು. "ಮಲಗಿಸಿದ್ರೆ ಮೇಲಿನದರ ಭಾರಕ್ಕೆ ಕೆಳಗಿನದು ಒಡೆಯುತ್ತಮ್ಮಾ, ನಿಂತಿದ್ರೆ ಒಂದಕ್ಕೊಂದು ಆಸರೆ," ಎಂದು ಅವನು ತಲೆ ಎತ್ತದೆ ಉತ್ತರ ಕೊಟ್ಟ. ಹೊಲಿಗೆ ಮಿಷನ್‌ನ ಸೂಜಿ ಬಿಚ್ಚಿ, ಬೆಲ್ಟು ಕಳಚಿ, ತಲೆಯನ್ನು ಕಂಬಳಿಯಲ್ಲಿ ಸುತ್ತಿದರು. ಟೇಪು ಎಳೆಯುವ ಕರ್ರ್ ಎನ್ನುವ ಸದ್ದು ಮನೆಯಲ್ಲೆಲ್ಲ ತುಂಬಿಕೊಂಡಿತು.

ಅಷ್ಟರಲ್ಲಿ ಅಕ್ಕ ತನ್ನ ಕೋಣೆಯತ್ತ ಇಣುಕಿದಳು. ಅವಳ ಕಬ್ಬಿಣದ ಮಂಚಕ್ಕೆ ಹಸಿರು ಸ್ಟಿಕ್ಕರು! ಪುಸ್ತಕದ ಕಪಾಟಿಗೆ ಹಸಿರು ಸ್ಟಿಕ್ಕರು! ಬೆತ್ತದ ಕುರ್ಚಿಯನ್ನಂತೂ ಆಗಲೇ ರಟ್ಟು ಸುತ್ತಿ, ಹಗ್ಗ ಬಿಗಿದು, ಮೇಲೊಂದು ಹಸಿರು ಅಂಟಿಸಿ ಮೆಟ್ಟಿಲ ಹತ್ತಿರ ಇಟ್ಟುಬಿಟ್ಟಿದ್ದರು.

ಪಿತ್ತ ನೆತ್ತಿಗೇರಿತು. "ಯಾರ್ರೀ ಇದು ಮಾಡಿದ್ದು? ಕಣ್ಣು ಕಾಣಲ್ವಾ ನಿಮಗೆ? ಇದೆಲ್ಲ ನಂದು! ಹೋಗ್ತಿರೋಳು ಅವಳು, ನಾನಲ್ಲ!"

"ಪಟ್ಟೀಲಿ ಹಾಗೇ ಬರೆದಿದೆಯಮ್ಮಾ..." ಎಂದು ಮೇಸ್ತ್ರಿ ರಾಗ ಎಳೆದ.

"ಪಟ್ಟಿ ಸುಡುಗಾಡಿಗೆ ಹೋಗಲಿ!" ಎಂದು ಅಕ್ಕ ಒಂದೊಂದೇ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿ, ಕಿತ್ತು, ಉಂಡೆ ಮಾಡಿ ಎಸೆದಳು. ಕುರ್ಚಿಯದನ್ನೂ ಕಿತ್ತಳು. ಚಿಕ್ಕಿ ಅಡುಗೆಮನೆಯಿಂದ ಓಡಿಬಂದಳು. ಮುಖ ಕೆಂಪಾಗಿತ್ತು.

"ಅಕ್ಕಾ, ಅವರದೇನೂ ತಪ್ಪಿಲ್ಲ. ನಾನೇ ಹೇಳೋಣ ಅಂತಿದ್ದೆ. ಅಲ್ಲಿ ಆ ಮೂರನೇ ಕೋಣೆ ಇದೆಯಲ್ಲಾ, ಅದನ್ನ..."

ಇಲ್ಲಿ ಅಕ್ಕನ ಒಂದು ಅಭ್ಯಾಸವನ್ನು ಹೇಳಲೇಬೇಕು. ಚಿಕ್ಕಿ ಮಾತಿನಲ್ಲಿ ನಿಧಾನ. ಒಂದೊಂದು ಪದಕ್ಕೂ ಗುಂಡಿಗೆ ಕಾಜ ನೋಡಿದ ಹಾಗೆ ನೋಡಿ ನೋಡಿ ಆಡುವವಳು. ಅಕ್ಕನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ತಂಗಿ ಅರ್ಧ ಆಡಿದ ಮಾತನ್ನು ಪೂರ್ತಿ ಮಾಡುವುದು ಅವಳಿಗೆ ಎಂದಿನಿಂದಲೂ ನಾಲಿಗೆಯ ಮೇಲೇ ಇತ್ತು. "ಅಕ್ಕಾ, ನಾಳೆ ನಾನು..." ಎಂದರೆ "ದಾರ ತರೋಕೆ ಪೇಟೆಗೆ ಹೋಗ್ತೀಯ, ಹೋಗು" ಎನ್ನುವಳು. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾಗಿಯೇ ಇರುತ್ತಿತ್ತು. ಹತ್ತನೆಯದನ್ನು ಚಿಕ್ಕಿ ನುಂಗಿಕೊಂಡು ಸುಮ್ಮನಾಗುತ್ತಿದ್ದಳು.

"ಅದನ್ನ ಏನು?" ಅಕ್ಕ ಕೈ ಬೀಸಿದಳು. "ಹಳೇ ಸಾಮಾನು ತುಂಬೋಕೆ ಇಟ್ಕೊಂಡಿದ್ದೀಯ, ಅಷ್ಟೇ ತಾನೆ? ತುಂಬ್ಕೋ ತಾಯಿ. ನಿನ್ನ ಚೂರು ಬಟ್ಟೆ, ಮುರಿದ ಸ್ಟ್ಯಾಂಡು, ಕೆಲಸಕ್ಕೆ ಬಾರದ್ದೆಲ್ಲ ಬೇಕಾದಷ್ಟಿದೆ. ನನ್ನ ಮಂಚ ಕುರ್ಚಿ ಯಾಕೆ ಸೇರಿಸ್ತೀಯ ಅದರಲ್ಲಿ? ನಾನಿನ್ನೂ ಸತ್ತಿಲ್ಲ."

ಚಿಕ್ಕಿ ಒಂದು ಗಳಿಗೆ ಅಕ್ಕನನ್ನೇ ನೋಡಿದಳು. ಆಮೇಲೆ ಮೇಸ್ತ್ರಿಯ ಬಳಿಗೆ ಹೋಗಿ ಮೆಲ್ಲಗೆ ಏನೋ ಹೇಳಿದಳು. ಅವನು ಕಿವಿಯ ಮೇಲಿನ ಪೆನ್ನು ತೆಗೆದು ಪುಸ್ತಕದಲ್ಲಿ ಏನನ್ನೋ ಹೊಡೆದು ಹಾಕಿ, ಮೇಲೆ ಏನನ್ನೋ ಬರೆದ. ತನ್ನ ಕೂಗಿಗೆ ಹೆದರಿ ತಪ್ಪು ತಿದ್ದಿಕೊಂಡರು ಎಂದು ಅಕ್ಕನಿಗೆ ಆಗ ಸಮಾಧಾನವೇ ಆಯಿತು.

ಹತ್ತೂವರೆಗೆ ಚಿಕ್ಕಿಯ ಬಸ್ಸು. ಸಾಮಾನು ತಲುಪುವಷ್ಟರಲ್ಲಿ ಅವಳು ಅಲ್ಲಿರಬೇಕಿತ್ತು. ಇಲ್ಲಿ ಲಾರಿಗೆ ತುಂಬಿಸಿ ಕಾಗದಕ್ಕೆ ಸಹಿ ಹಾಕುವ ಕೆಲಸ ಅಕ್ಕನದು. ಚಿಕ್ಕಿ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಳು.

"ಅಕ್ಕಾ, ನಾನು..."

"ಹೊರಡ್ತೀಯ. ಹೊರಡು, ಬಸ್ಸು ತಪ್ಪುತ್ತೆ. ತಲುಪಿದ ಮೇಲೆ ಫೋನ್ ಮಾಡು."

ಚಿಕ್ಕಿ ತಲೆಯಾಡಿಸಿದಳು. ಮೆಟ್ಟಿಲಿಳಿಯುವಾಗ ಎರಡು ಸಲ ತಿರುಗಿ ನೋಡಿದಳು. ಅಕ್ಕ ಆ ಹೊತ್ತಿಗೆ ಗೋಡೆಯ ಕಡೆ ತಿರುಗಿ ಪೆಟ್ಟಿಗೆ ಎಣಿಸುತ್ತಿದ್ದಳು. ಎಣಿಸಿದ್ದನ್ನೇ ಮತ್ತೆ ಎಣಿಸುತ್ತಿದ್ದಳು, ಯಾಕೆಂದರೆ ಕಣ್ಣು ಮಂಜಾಗಿತ್ತು.

ಹನ್ನೆರಡಕ್ಕೆ ಲಾರಿ ತುಂಬಿತು. ಮೇಸ್ತ್ರಿ ಪುಸ್ತಕ ಮುಂದೆ ಹಿಡಿದ. ಮೂವತ್ತಮೂರು ವರ್ಷದಲ್ಲಿ ಓದದೆ ಒಂದು ಚೀಟಿಗೂ ಸಹಿ ಹಾಕದವಳು ಅವತ್ತು "ಎಲ್ಲಿ?" ಎಂದು ಕೇಳಿ, ಬೆರಳು ತೋರಿಸಿದ ಕಡೆ ಗೀಚಿ, ಅವನು ಹರಿದು ಕೊಟ್ಟ ಗುಲಾಬಿ ಬಣ್ಣದ ಪ್ರತಿಯನ್ನು ಮಡಚಿ ಕಿಟಕಿಯ ಮೇಲಿಟ್ಟಳು. ಲಾರಿ ಬೀದಿಯ ತಿರುವು ದಾಟಿತು.

ಮನೆ ಹಿಂದೆಂದೂ ಇಷ್ಟು ದೊಡ್ಡದಾಗಿರಲಿಲ್ಲ. ಅಕ್ಕ ಕೆಮ್ಮಿದರೆ ಗೋಡೆ ಕೆಮ್ಮಿತು. ಮಿಷನ್ ಇದ್ದ ಜಾಗವನ್ನು ಗುಡಿಸಿದಳು. ಆರು ಗುಂಡುಪಿನ್ನು, ಒಂದು ನೀಲಿ ಗುಂಡಿ ಸಿಕ್ಕವು. ಕಾಲು ಸೋತು ಕುರ್ಚಿಯಲ್ಲಿ ಕೂರೋಣವೆಂದು ತಿರುಗಿದಳು. ಕುರ್ಚಿ ಇರಲಿಲ್ಲ. ನೆಲದ ಮೇಲೆ ಅದರ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು. ಮೆಟ್ಟಿಲ ಹತ್ತಿರ ಓಡಿದಳು. ಅಲ್ಲೂ ಇರಲಿಲ್ಲ. ಸ್ಟಿಕ್ಕರು ಕಿತ್ತಿದ್ದಳೇ ಹೊರತು ಹಗ್ಗ ಬಿಚ್ಚಿಸಿ ಕುರ್ಚಿಯನ್ನು ಒಳಗೆ ತರಿಸಿರಲಿಲ್ಲ. ಕಟ್ಟಿಟ್ಟಿದ್ದದ್ದನ್ನು ಅವರು ಹೊತ್ತುಕೊಂಡು ಹೋಗಿದ್ದರು.

"ತಡಿ, ಮಾಡ್ತೀನಿ ಇವರಿಗೆ," ಎಂದು ಅಕ್ಕ ಹುರುಪುಗೊಂಡಳು. ಬೆಳಗಿನಿಂದ ಹುಡುಕುತ್ತಿದ್ದ ತಪ್ಪು ಕೊನೆಗೂ ಸಿಕ್ಕಿತ್ತು. ಮೇಸ್ತ್ರಿಯ ಫೋನ್ ನಂಬರಿಗೆಂದು ಗುಲಾಬಿ ಕಾಗದ ಬಿಡಿಸಿದಳು. ನಂಬರು ಕೆಳಗಿತ್ತು. ಕಣ್ಣು ಅಲ್ಲಿಗೆ ಇಳಿಯುವ ಮೊದಲೇ ಮಧ್ಯದಲ್ಲಿ ನಿಂತಿತು.

ಒಂದು, ಹಾಲ್. ಎರಡು, ಅಡುಗೆಮನೆ. ಮೂರು, ಮಲಗುವ ಕೋಣೆ. ನಾಲ್ಕನೇ ಸಾಲಿನಲ್ಲಿ, ಕಾರ್ಬನ್ನಿನ ಮಾಸಲು ನೀಲಿ ಅಕ್ಷರದಲ್ಲಿ, ಮೂರನೇ ಕೋಣೆ: ಅಕ್ಕನ ಕೋಣೆ. ಅದರ ಮೇಲೆ ಒಂದು ಗೀಟು. ಗೀಟಿನ ಮೇಲೆ, ಹಳೇ ಸಾಮಾನು.

ಕೆಳಗೆ ಹೋದ ವಾರ ಚಿಕ್ಕಿ ಹೇಳಿ ಬರೆಸಿದ್ದೆಲ್ಲ ಇತ್ತು. ಮಂಚ, ಬಾಗಿಲಿಗೆ ಎದುರಾಗಿ ಬೇಡ, ಗಾಳಿಗೆ ಅಕ್ಕನಿಗೆ ಶೀತ ಆಗುತ್ತೆ. ಕಪಾಟು, ಮಂಚದಿಂದ ಕೈಗೆಟುಕುವ ಹಾಗೆ. ಬೆತ್ತದ ಕುರ್ಚಿ, ಕಿಟಕಿ ಪಕ್ಕ, ಬೆಳಕು ಎಡಗಡೆಯಿಂದ ಬರಬೇಕು. ಎಲ್ಲದರ ಮೇಲೂ ಗೀಟು. ಅಕ್ಷರ ಒಂದೂ ಅಳಿಸಿರಲಿಲ್ಲ. ಗೀಟಿನ ಅಡಿಯಲ್ಲಿ ಎಲ್ಲವೂ ಚೆನ್ನಾಗಿ ಓದಲು ಬರುತ್ತಿತ್ತು.

ಅಕ್ಕ ನಿಂತೇ ಓದಿದಳು, ಮತ್ತೆ ಓದಿದಳು. ಕೂರಲು ಕುರ್ಚಿ ಇರಲಿಲ್ಲ. ಗೋಡೆಗೊರಗಿ ಜಾರಿ ನೆಲಕ್ಕೆ ಕೂತು, ಮೂರು ತಿಂಗಳಲ್ಲಿ ಚಿಕ್ಕಿ ಅರ್ಧಕ್ಕೆ ಬಿಟ್ಟ ಮಾತುಗಳನ್ನೆಲ್ಲ ನೆನಪಿಸಿಕೊಳ್ಳಲು ನೋಡಿದಳು. "ಅಕ್ಕಾ, ಆ ಮನೆ ದೊಡ್ಡದು, ಅಲ್ಲಿ..." ಎಂದಿದ್ದಳು ಒಮ್ಮೆ. "ಗುಡಿಸಿ ಸಾರಿಸಿ ಸೊಂಟ ಬೀಳುತ್ತೆ ನಿಂಗೆ" ಎಂದು ತಾನು ಮುಗಿಸಿದ್ದಳು. "ಅವರೂ ಹೇಳ್ತಿದ್ರು, ಅಕ್ಕನ್ನ..." ಎಂದಿದ್ದಳು ಇನ್ನೊಮ್ಮೆ. "ಕಂಡ್ರೆ ಭಯ ಅಂತ ತಾನೆ, ಆಗಲಿ ಬಿಡು" ಎಂದಿದ್ದಳು ತಾನು. ತನ್ನ ಬಾಯಿಯೇ ತನಗೆ ಶತ್ರುವಾಯಿತಲ್ಲ ಎಂದು ಅಕ್ಕ ಹಣೆ ಹಣೆ ಚಚ್ಚಿಕೊಂಡಳು. ಕೇಳಬೇಕೆಂದು ಜೀವ ಬಿಡುತ್ತಿದ್ದ ಮಾತು ಎಷ್ಟು ಸಲ ಹೊಸಿಲವರೆಗೆ ಬಂದಿತ್ತು! ಪ್ರತಿ ಸಲವೂ ಬಾಗಿಲು ಹಾಕಿದವಳು ತಾನೇ.

ಫೋನು ಬಂದದ್ದು ರಾತ್ರಿ ಎಂಟಕ್ಕೆ. ಮೇಸ್ತ್ರಿ.

"ಅಮ್ಮಾ, ಎಲ್ಲ ಇಳಿಸಾಯ್ತು. ಒಂದು ಬೆತ್ತದ ಕುರ್ಚಿ ಉಳಿದಿದೆ, ಸ್ಟಿಕ್ಕರಿಲ್ಲ. ಸಹಿ ನಿಮ್ಮದು ಅಂತ ನಿಮ್ಮನ್ನೇ ಕೇಳ್ತಿದ್ದೀನಿ, ಯಾವ ಕೋಣೆಗೆ ಇಡೋದು?"

"ಅಕ್ಕನ ಕೋಣೆಗೆ," ಎಂದಳು ಅಕ್ಕ. "ಕಿಟಕಿ ಪಕ್ಕ."

"ಅಂಥ ಕೋಣೆ ಈಗ ಪಟ್ಟೀಲಿ ಇಲ್ವಲ್ಲಮ್ಮಾ. ಬೆಳಿಗ್ಗೆ ಹೊಡೆದು ಹಾಕಿಸಿದ್ರಲ್ಲಾ."

"ನನ್ನ ತಂಗಿಗೆ ಕೊಡಿ."

ಏನೋ ಸದ್ದಾಯಿತು. ಆಮೇಲೆ ಚಿಕ್ಕಿಯ ಉಸಿರು. "ಅಕ್ಕಾ, ಊಟ ಮಾಡಿದೆಯಾ?"

"ಚಿಕ್ಕಿ, ಬೆಳಿಗ್ಗೆ ಆ ಮೂರನೇ ಕೋಣೆ ಬಗ್ಗೆ ಏನೋ ಹೇಳ್ತಿದ್ದೆ."

ಚಿಕ್ಕಿ ತಡೆದಳು. ಅಕ್ಕ ಕಾದಳು. ತುಟಿ ಕಚ್ಚಿ ಹಿಡಿದು, ಒಂದು ಪದವನ್ನೂ ಮುಂದೆ ಹಾಕದೆ, ಜೀವನದಲ್ಲಿ ಮೊದಲ ಸಲ ತಂಗಿ ತನ್ನ ಮಾತನ್ನು ತಾನೇ ಮುಗಿಸಲಿ ಎಂದು ಕಾದಳು.

"ಏನಿಲ್ಲ ಅಕ್ಕಾ," ಎಂದಳು ಚಿಕ್ಕಿ ನಿಧಾನವಾಗಿ. "ನೀನು ಹೇಳಿದ ಹಾಗೇ ಮಾಡಿದೆ. ಹಳೇ ಸಾಮಾನು ತುಂಬಿಸಿದೆ. ಈಗ ಒಳಗೆ ಕಾಲಿಡೋಕೂ ಜಾಗ ಇಲ್ಲ. ನಿನ್ನ ಕುರ್ಚಿ ತಪ್ಪಿ ಬಂದುಬಿಟ್ಟಿದೆ. ನಾಳೆ ಬಸ್ಸಿನಲ್ಲಿ ಹಾಕಿ ವಾಪಸ್ ಕಳಿಸ್ತೀನಿ."

ಅವಳ ಧ್ವನಿಯಲ್ಲಿ ಕೊಂಕಿರಲಿಲ್ಲ, ಮುನಿಸೂ ಇರಲಿಲ್ಲ. ಅಕ್ಕ ಹೇಳಿದ್ದನ್ನು ಎಂದಿನಂತೆ ಮಾಡಿದ್ದಳು, ಅಷ್ಟೇ. ಮುನಿಸಾದರೂ ಇದ್ದಿದ್ದರೆ ಅಕ್ಕ ಅದನ್ನು ಹಿಡಿದುಕೊಂಡು ಜಗಳವಾಡಿ, ಅತ್ತು, ದಾರಿ ಮಾಡಿಕೊಳ್ಳುತ್ತಿದ್ದಳು.

"ಕಳಿಸಬೇಡ," ಎಂದಳು ಅಕ್ಕ. "ಅಲ್ಲೇ ಇರಲಿ."

"ಮತ್ತೆ ನೀನು ಕೂತ್ಕೊಳ್ಳೋಕೆ?"

"ನಾನು..." ಎಂದಳು ಅಕ್ಕ.

ಮುಂದಿನ ಮಾತು ಗಂಟಲಲ್ಲಿತ್ತು. ಅಲ್ಲಿಗೇ ಬಂದು ಕೂತ್ಕೋತೀನಿ. ಇಷ್ಟೇ. ಅದು ಹೊರಗೆ ಬರಲಿಲ್ಲ. ಚಿಕ್ಕಿ ಅದನ್ನು ಎತ್ತಿಕೊಳ್ಳಲಿ, ಒಂದೇ ಒಂದು ಸಲ ತನ್ನ ಮಾತನ್ನು ಅವಳು ಮುಗಿಸಲಿ ಎಂದು ಅಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದಳು.

ಆ ಕಡೆ ಚಿಕ್ಕಿಯೂ ಕಾಯುತ್ತಿದ್ದಳು. ಅಕ್ಕನ ಮಾತಿಗೆ ನಡುವೆ ಬಾಯಿ ಹಾಕುವ ಅಭ್ಯಾಸ ಅವಳಿಗೆ ಎಂದೂ ಇರಲಿಲ್ಲ.