ಮೂರನೇ ಕಂಬದ ಹೆಬ್ಬೆಟ್ಟು

ಆ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ನಲವತ್ತು ಜನರನ್ನು ಕೊಂದಾಗಿತ್ತು. ಕತ್ತು ಸೀಳಿಸಿಕೊಂಡವರು, ಹೊಟ್ಟೆಗೆ ಈಟಿ ಚುಚ್ಚಿಸಿಕೊಂಡವರು, ಕರುಳನ್ನು ಕೈಯಲ್ಲೇ ಹಿಡಿದುಕೊಂಡವನೊಬ್ಬ, ಎಲ್ಲರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಸಾಲ್ಮನ್ ಮೀನು ಹಾಕಿಸಿಕೊಳ್ಳುತ್ತಿದ್ದರು. ಬರ್ನಬಿಯ ಸಿನಿಮಾ ಸ್ಟುಡಿಯೋಗಳಲ್ಲಿ ಇಪ್ಪತ್ತೆರಡು ವರ್ಷದಿಂದ ಸೆಟ್ಟುಗಳಿಗೆ ಬಣ್ಣ ಬಳಿಯುತ್ತಿದ್ದೇನೆ. ರಕ್ತ ಕಂಡರೆ ನನಗೆ ಮೊದಲು ಹೊಳೆಯುವುದು ಇದಕ್ಕೆ ಕಂದು ಸಾಲದು ಎನ್ನುವುದು.

ಆ ಚಿತ್ರಕ್ಕೆ ರಾಕ್ಷಸರ ಕೋಟೆಯೊಳಗಿನ ಸಭಾಂಗಣ ಕಟ್ಟಿದ್ದೆವು. ಆರು ಕಂಬ. ಮೇಲಿನ ಉಪ್ಪರಿಗೆಯಲ್ಲಿ ಮೂವತ್ತು ಬಿಲ್ಲುಗಾರರು ನಿಲ್ಲಬೇಕಾಗಿದ್ದರಿಂದ ಐದು ಕಂಬಗಳ ಒಳಗೆ ಉಕ್ಕು, ಹೊರಗೆ ಗಾರೆ. ಮೂರನೆಯದು ಮಾತ್ರ ಬರೀ ಥರ್ಮೋಕೋಲ್. ಡೆಜ್‌ನ ತಲೆಯನ್ನು ಅದಕ್ಕೆ ಅಪ್ಪಳಿಸಿದಾಗ ಅದು ಪುಡಿಯಾಗಬೇಕಿತ್ತು.

ಡೆಜ್ ಹ್ಯಾಲೆಟ್ ನ್ಯೂಫೌಂಡ್ಲೆಂಡಿನ ಮೀನುಗಾರರ ಮಗ. ಹತ್ತೊಂಬತ್ತು ವರ್ಷದಿಂದ ನಾಯಕರ ಬದಲಿಗೆ ಒದೆ ತಿನ್ನುವುದೇ ಅವನ ಕಸುಬು. ಅವನಿಗೂ ನನಗೂ ನಡುವೆ ಒಂದು ರೂಢಿಯಿತ್ತು. ಮೆತ್ತನೆಯ ವಸ್ತು ಯಾವುದೋ ಅದರ ಮೇಲೆ, ಅವನ ಕಣ್ಣಿನ ಎತ್ತರಕ್ಕೆ, ನಾನು ನೀಲಿ ಬಣ್ಣದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದೆ. ಯಾವ ಕಾಗದದಲ್ಲೂ ಇಲ್ಲದ ಗುರುತು ಅದು.

"ನಿನ್ನ ಹೆಬ್ಬೆಟ್ಟು ಇದ್ರೆ ಸಾಕು ಮುದುಕಿ, ಕಣ್ಮುಚ್ಕೊಂಡು ತಲೆ ಕೊಡ್ತೀನಿ," ಎನ್ನುತ್ತಿದ್ದ.

"ನಿನ್ನ ತಲೇಲಿ ಇರೋದೂ ಥರ್ಮೋಕೋಲೇ ತಾನೆ," ಎನ್ನುತ್ತಿದ್ದೆ ನಾನು.

ಊಟ ಮುಗಿಸಿ ಬರುವಷ್ಟರಲ್ಲಿ ಇಲ್ಸಾ ಬ್ರಾಂಟ್ ಕಂಬಗಳ ಮುಂದೆ ನಿಂತಿದ್ದಳು. ಕಂಪ್ಯೂಟರಿನಲ್ಲಿ ಬೆಟ್ಟ, ಬೆಂಕಿ, ಸೈನ್ಯ ಎಲ್ಲವನ್ನೂ ಹುಟ್ಟಿಸುವ ತಂಡಕ್ಕೆ ಅವಳೇ ಮುಖ್ಯಸ್ಥೆ.

"ಲೋರ್ನಾ, ಮೂರನೇದು ಥರ್ಮೋಕೋಲ್ ಅಂತ ಇಲ್ಲಿಂದ್ಲೇ ಗೊತ್ತಾಗುತ್ತೆ. ಒಂಚೂರು ತಿಳಿಯಾಗಿದೆ. ಅದೇನೋ ನೀಲಿ ಕಲೆ ಬೇರೆ. ನೀವು ತಲೆ ಕೆಡಿಸ್ಕೋಬೇಡಿ, ಆರನ್ನೂ ನಾವೇ ಕಂಪ್ಯೂಟರಲ್ಲಿ ಹೊಸದಾಗಿ ಮಾಡಿ ಕೂರಿಸ್ಕೋತೀವಿ."

ಅವಳು ಕೊಂಕಾಗಿ ಹೇಳಲಿಲ್ಲ, ಕನಿಕರದಿಂದ ಹೇಳಿದಳು. ನನಗೆ ಉರಿದುಹೋಯಿತು. ಏಳು ವಾರ ಮೊಣಕಾಲೂರಿ ಬಳಿದ ಕಂಬಗಳು ಅವು. ಹಿಂದಿನ ಎರಡು ಚಿತ್ರಗಳಲ್ಲಿ ನನ್ನ ಗೋಡೆಗಳನ್ನು ಹೀಗೇ ಒರೆಸಿ ಹಾಕಿದ್ದರು.

"ನನ್ನ ಕಂಬ ಮುಟ್ಟಬೇಡಿ. ಹತ್ತು ನಿಮಿಷ ಕೊಡಿ," ಎಂದೆ.

ಏಣಿ ಹತ್ತಿದೆ. ಬೂದು, ಅದರ ಮೇಲೆ ಕಂದು, ಸ್ಪಂಜಿನಲ್ಲಿ ಒತ್ತಿ ಒತ್ತಿ ಪಾಚಿ. ಕೆಳಗಿಳಿದು ಹತ್ತು ಹೆಜ್ಜೆ ಹಿಂದೆ ನಿಂತು ನೋಡಿದರೆ ಯಾವುದು ಯಾವುದೆಂದು ನನಗೇ ಗೊತ್ತಾಗಲಿಲ್ಲ. ಇಲ್ಸಾ ತಲೆದೂಗಿದಳು. ನನಗೆ ಹೆಮ್ಮೆಯಿಂದ ಎದೆಯುಬ್ಬಿತು. ನೀಲಿ ಹೆಬ್ಬೆಟ್ಟು ಬೂದು ಬಣ್ಣದಡಿ ಹೋಗಿತ್ತು.

ಡೆಜ್ ಆಗ ಮೇಕಪ್ ಕೋಣೆಯಲ್ಲಿ ಕೂದಲಿನಡಿ ರಕ್ತದ ಚೀಲ ಅಂಟಿಸಿಕೊಳ್ಳುತ್ತಿದ್ದ. ಹೋಗಿ ಹೇಳಲು ಸಮಯ ಇರಲಿಲ್ಲವೆಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡೆ. ಇತ್ತು. ನನಗೆ ನೆನಪೇ ಆಗಲಿಲ್ಲ, ನಾನು ಇಲ್ಸಾಳ ಮುಖ ನೋಡುತ್ತಿದ್ದೆ.

ಹೊಗೆ ಬಿಟ್ಟರು. ಎಂಬತ್ತು ಜನ ಕತ್ತಿ ಗುರಾಣಿ ಬಡಿಯುತ್ತ ಅರಚತೊಡಗಿದರು. ರಾಕ್ಷಸನ ರಬ್ಬರ್ ಮೈಯೊಳಗೆ ಇದ್ದವನು ಬೋಡಿ. ಅವನಿಗೆ ಕಾಣುವುದು ರಾಕ್ಷಸನ ಬಾಯಿಯ ತೂತಿನಿಂದ ಅಷ್ಟೇ, ಅಂದರೆ ಏನೂ ಇಲ್ಲ. ಇಂಥ ಹೊಡೆದಾಟದಲ್ಲಿ ದಾರಿ ತೋರಿಸುವವನು ಹೊಡೆಸಿಕೊಳ್ಳುವವನೇ. ಡೆಜ್ ಒದ್ದಾಡುವಂತೆ ನಟಿಸುತ್ತ ಬೋಡಿಯನ್ನು ಕಂಬದ ಹತ್ತಿರ ಎಳೆದೊಯ್ಯಬೇಕು. ಬೋಡಿ ಅವನ ತಲೆಯನ್ನು ಎರಡು ಸಲ ಅಪ್ಪಳಿಸಬೇಕು. ಮೊದಲ ಸಲಕ್ಕೆ ಬಿರುಕು, ಎರಡನೆಯದಕ್ಕೆ ಪುಡಿ.

ನಾನು ನಿರ್ದೇಶಕನ ಹಿಂದೆ ನಿಂತು ಪರದೆ ನೋಡುತ್ತಿದ್ದೆ. ಡೆಜ್ ಒಂದು ಕಂಬದ ಕಡೆ ಕತ್ತು ತಿರುಗಿಸಿದ, ಆಮೇಲೆ ಇನ್ನೊಂದರ ಕಡೆ. ಕಂಬಗಳನ್ನು ಎಣಿಸಲೂ ಆಗದ ಹೊಗೆಯಲ್ಲಿ ಅವನ ಕಣ್ಣುಗಳು ತಡಕಾಡುತ್ತಿದ್ದವು.

"ಆ ಭಯ ನೋಡ್ರಪ್ಪ, ಏನ್ ನಟನೆ," ಎಂದ ನಿರ್ದೇಶಕ.

ಅವನು ಹುಡುಕುತ್ತಿದ್ದದ್ದು ನನ್ನ ಹೆಬ್ಬೆಟ್ಟನ್ನು. ನಿಲ್ಲಿಸಿ ಎಂದು ಕೂಗಿದೆ, ಆ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಡೆಜ್ ಒಂದು ಕಂಬವನ್ನು ಆರಿಸಿಕೊಂಡ. ಅದು ನಾಲ್ಕನೆಯದು.

ಬೋಡಿ ಮೊದಲ ಸಲ ಅಪ್ಪಳಿಸಿದ ಜಾಗದಿಂದ ಬಿಳಿ ಪುಡಿ ಹಾರಲಿಲ್ಲ. ಹುಬ್ಬಿನ ಮೇಲಿಂದ ಇಳಿದ ರಕ್ತ ತೀರ ತೆಳುವಾಗಿತ್ತು, ತೀರ ಕೆಂಪಾಗಿತ್ತು. ನಾವು ಕಲಸುವ ರಕ್ತ ಹಾಗಿರುವುದಿಲ್ಲ.

ಓಡಿದೆ. ಸುಳ್ಳು ಹೆಣಗಳನ್ನು ತುಳಿದುಕೊಂಡು, ಬಣ್ಣ ಕದಡುವ ಕಬ್ಬಿಣದ ಸರಳು ಹಿಡಿದು ಓಡಿದೆ. ಬೋಡಿ ಅವನ ಕೂದಲು ಹಿಡಿದು ಎರಡನೆಯ ಸಲಕ್ಕೆ ಹಿಂದಕ್ಕೆ ಎಳೆಯುತ್ತಿದ್ದ. ಬೋಡಿಯ ಮಣಿಕಟ್ಟಿಗೆ ಸರಳಿನಿಂದ ಬಾರಿಸಿದೆ. ಮೂರು ಅಂಗುಲ ದಪ್ಪದ ರಬ್ಬರು, ಅವನಿಗೆ ಏನೂ ತಿಳಿಯಲಿಲ್ಲ. ಮತ್ತೆ ಬಾರಿಸಿದೆ. ಅವನು ಡೆಜ್‌ನ ತಲೆಯನ್ನು ಎರಡನೆಯ ಸಲ ಕಂಬಕ್ಕೆ ಅಪ್ಪಳಿಸಿದ. ಒಳಗಿನ ಉಕ್ಕು ಮೊಳಗಿತು, ಅದರ ಜೊತೆ ಮೂಳೆ ಮುರಿದ ಸದ್ದೂ ಕೇಳಿಸಿತು. ನಾನು ರಾಕ್ಷಸನ ಬಾಯಿಯ ತೂತಿನೊಳಗೆ ಸರಳನ್ನು ತುರುಕಿದೆ. ಬೋಡಿಯ ಎರಡು ಹಲ್ಲು ಉದುರಿದವು. ಆಗ ಅವನು ಕೈಬಿಟ್ಟ.

ಡೆಜ್ ಬದುಕಿದ. ಎಡಗಣ್ಣು ಹೋಯಿತು. ಬಲಗೈ ನಡುಗುತ್ತದೆ, ಮಾತು ಒಂದೊಂದೇ ಬರುತ್ತದೆ, ಮೆಟ್ಟಿಲಿಳಿಯುವಾಗ ಯಾರಾದರೂ ಹಿಡಿದುಕೊಳ್ಳಬೇಕು. ವಿಚಾರಣೆಯವರು ಕೇಳಿದಾಗ ಹೊಗೆ ಜಾಸ್ತಿಯಿತ್ತು ಎಂದೆ. ಅವರು ಹಾಗೆಯೇ ಬರೆದುಕೊಂಡರು. ಗುರುತಿನ ವಿಷಯ ಗೊತ್ತಿದ್ದವರು ಇಬ್ಬರೇ, ಒಬ್ಬ ಆಗ ಪ್ರಜ್ಞೆಯಿಲ್ಲದೆ ಮಲಗಿದ್ದ.

ಚಿತ್ರ ಬಂದಾಗ ಡೆಜ್ ತಾನು ನೋಡಲೇಬೇಕೆಂದು ಹಟ ಹಿಡಿದ. ಕರೆದುಕೊಂಡು ಹೋದೆ. ಆ ದೃಶ್ಯ ಬಂತು. ಮೊದಲ ಹೊಡೆತವನ್ನು ನಾಚಿಕೆಯಿಲ್ಲದೆ ಹಾಗೇ ಇಟ್ಟುಕೊಂಡಿದ್ದರು. ಪಕ್ಕದ ಸಾಲಿನವರು ಸಿಳ್ಳೆ ಹಾಕಿದರು. ಆಮೇಲೆ ಕಂಬ ಪುಡಿಪುಡಿಯಾಯಿತು, ಅದು ಇಲ್ಸಾಳ ತಂಡದ ಕೆಲಸ. ನಾನು ಓಡಿ ಬಂದ ಜಾಗದಲ್ಲಿ ಬರೀ ಹೊಗೆಯಿತ್ತು. ಚೌಕಟ್ಟಿನೊಳಗೆ ನುಗ್ಗಿದ ನನ್ನನ್ನು ಅಚ್ಚುಕಟ್ಟಾಗಿ ಒರೆಸಿದ್ದರು.

ಹೊರಗೆ ಮೆಟ್ಟಿಲುಗಳ ಮೇಲ್ತುದಿಯಲ್ಲಿ ಡೆಜ್ ನಿಂತ.

"ನೀನು... ಓಡ್ಬಂದೆ ಅಂತ ಬೋಡಿ ಹೇಳಿದ್ದ. ಕಾಣ್ಲೇ ಇಲ್ವಲ್ಲೇ ಮುದುಕಿ."

"ಅಳಿಸಿದಾರೆ."

"ಹ್ಞೂಂ. ನಂಗೆ ಅವತ್ತು... ನೀಲೀನೂ ಕಾಣ್ಲಿಲ್ಲ. ಹಾಳು ಹೊಗೆ. ನೀನು ಕೊರಗಬೇಡ."

ನನ್ನನ್ನು ಸಮಾಧಾನ ಮಾಡುತ್ತಿದ್ದ. ಎರಡು ವರ್ಷ ನುಂಗಿಕೊಂಡದ್ದನ್ನು ಹೇಳಿಬಿಟ್ಟೆ.

"ಹೊಗೆ ಅಲ್ಲ ಡೆಜ್. ನಾನೇ ಅಳಿಸಿದೆ. ಕಂಬ ಚೆನ್ನಾಗಿ ಕಾಣ್ಲಿ ಅಂತ."

ಒಂದೇ ಕಣ್ಣಿನಿಂದ ನನ್ನನ್ನು ತುಂಬ ಹೊತ್ತು ನೋಡಿದ. ಹತ್ತೊಂಬತ್ತು ವರ್ಷ ಸಾವಿರಾರು ಗುದ್ದು ಬೀಸಿದರೂ ಯಾರ ಮುಖಕ್ಕೂ ತಾಗಿಸಿದವನಲ್ಲ ಅವನು. ಒಂದು ಅಂಗುಲ ಹಿಂದೆ ಮುಷ್ಟಿ ನಿಲ್ಲಿಸುವುದೇ ಅವನು ಕಲಿತ ವಿದ್ಯೆ. ಎಡಗೈ ಬೀಸಿದಾಗ ನಾನು ಕದಲಲಿಲ್ಲ. ಅವನು ನಿಲ್ಲಿಸಲಿಲ್ಲ.

ಮೆಟ್ಟಿಲ ಕೈಕಂಬಿಯ ಮೇಲೆ ಹೋಗಿ ಬಿದ್ದೆ. ತುಟಿ ಒಡೆದು ಬಾಯಿ ತುಂಬ ರಕ್ತ ಬಂತು. ಯಾರೋ ಇಬ್ಬರು ನಿಂತು ನೋಡಿದರು, ಆಮೇಲೆ ಇಳಿದು ಹೋದರು. ನಾನು ಎದ್ದು ನಿಂತಾಗ ಡೆಜ್ ಇನ್ನೂ ಅಲ್ಲೇ ಇದ್ದ, ಮೆಟ್ಟಿಲುಗಳ ಕಡೆ ನೋಡುತ್ತ. ಅವನಿಗೆ ಒಬ್ಬನೇ ಇಳಿಯಲು ಆಗುವುದಿಲ್ಲ. ಕೊನೆಗೆ ಆ ನಡುಗುವ ಬಲಗೈಯನ್ನು ನನ್ನ ಕಡೆ ಚಾಚಿದ, ಮುಖ ಮಾತ್ರ ತಿರುಗಿಸಲಿಲ್ಲ. ನಾನು ಹಿಡಿದುಕೊಂಡೆ. ಒಂದೊಂದೇ ಮೆಟ್ಟಿಲು ಇಳಿದೆವು.